ನಿನ್ನ ಚೆಂದದ ರಿಪೋರ್ಟು

ಧಾರವಾಡ
ಶ್ರಾವಣದ ಎರಡನೇ ಸೋಮವಾರ

ಪ್ರೀತಿಯ ಅಕ್ಕಾ,

ಶನಿವಾರ ಫೋನಿನಲ್ಲಿ ನೀನು ನಕ್ಕ ನಗು ಇನ್ನೂ ಕಿವಿಯಲ್ಲೇ ಇದೆ. “ಹಾರ್ಟ್ ಡಾಕ್ಟರ್ ಕಡೆ ಹೋಗಾಕ ನನಗೇನು ಬಿ.ಪಿ. ಐತೋ, ಶುಗರ್ ಐತೋ? ನಲವತ್ತೇಳು ಕೇಜಿ ಇದ್ದೀನೋ ತಮ್ಮಾ. ಕರ್ಕೊಂಡು ಹೋಗೂದಿದ್ರ ನಿಮ್ಮ ಮಾಮಾನ ಕರ್ಕೊಂಡು ಹೋಗು, ಹೊಟ್ಟಿ ನೋಡು ಅವರದು” ಅಂದೆ. ನಾನೂ ನಕ್ಕೆ. ಫೋನಿಟ್ಟ ಮೇಲೆ ನಿದ್ದೆ ಬರಲಿಲ್ಲ.

ಮೆಟ್ರೋ ಮೆಟ್ಟಿಲು ಹತ್ತುವಾಗ ಎದೆ ಡವಡವ ಹೊಡೆದುಕೊಂಡದ್ದು, ನಡುವೆ ಒಂದು ಬಡಿತ ಎಲ್ಲೋ ಜಾರಿ ಬಿದ್ದ ಹಾಗಾಗಿ ಕಂಬಿ ಹಿಡಿದು ನಿಂತದ್ದು, ಯಾವುದನ್ನೂ ನೀನು ಹೇಳಲಿಲ್ಲ. ನಿನ್ನ ಮಗಳು ಹೇಳಿದಳು. ಅವಳ ಮೇಲೆ ಸಿಟ್ಟಾಗಬೇಡ. ಫೋನಿನಲ್ಲಿ ನೀನು ನನಗೆ ಎರಡು ಮಾತು ಪೂರಾ ಆಡಲು ಬಿಡುವುದಿಲ್ಲ, ಅದಕ್ಕೇ ಈ ಕಾಗದ. ಕಾಗದದ ನಡುವೆ “ಊಟ ಆತೇನು?” ಅಂತ ಕೇಳಿ ಮಾತು ತಿರುಗಿಸಲು ನಿನಗೂ ಆಗುವುದಿಲ್ಲ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. 2009ರ ಬೇಸಿಗೆ ನೆನಪಿದೆಯೇ? ನೀನು ಮಕ್ಕಳ ಸೂಟಿಗೆ ಬಂದಿದ್ದೆ. ಮುಖ ಸುಣ್ಣ ಬಳಿದ ಗೋಡೆಯ ಹಾಗಿತ್ತು. ನನ್ನ ಲ್ಯಾಬಿಗೆ ಕರೆದುಕೊಂಡು ಹೋಗಿ ನಾನೇ ರಕ್ತ ತೆಗೆದೆ. ಹಿಮೋಗ್ಲೋಬಿನ್ 7.8. ಹೇಗೂ ಬಂದಿದ್ದಾಳಲ್ಲ ಅಂತ ಕೊಲೆಸ್ಟ್ರಾಲನ್ನೂ ನೋಡಿದೆ. ಒಟ್ಟು 118. ಸಂಜೆ ಮನೆಗೆ ಬಂದು ಎಲ್ಲರೆದುರು ರಿಪೋರ್ಟು ಆಡಿಸುತ್ತ, “ಅಕ್ಕಾ, ನಿನ್ನ ಕೊಲೆಸ್ಟ್ರಾಲ್ ನೋಡಿ ಹೊಟ್ಟಿಕಿಚ್ಚು ಬಂತ್ ನೋಡು, ನೂರು ವರ್ಷ ಬದುಕ್ತಿ” ಅಂದೆ. ಅವ್ವ ದೃಷ್ಟಿ ತೆಗೆದಳು. ರಕ್ತ ಕಡಿಮೆಯಾದದ್ದಕ್ಕೆ ಕಬ್ಬಿಣದ ಗುಳಿಗೆ, ಕೊಲೆಸ್ಟ್ರಾಲಿಗೆ ಶಾಬಾಸ್‌ಗಿರಿ. ಹೆಂಗಸರಿಗೆ ರಕ್ತ ಕಡಿಮೆ ಇರುವುದು ಇದ್ದದ್ದೇ ಅಂತ ಊರೆಲ್ಲ ಅನ್ನುತ್ತಿತ್ತು, ಮೂವತ್ತು ವರ್ಷ ರಕ್ತದಲ್ಲೇ ಕೈಯಾಡಿಸಿದ ನಾನೂ ಅಂದೆ. ನೀನು ಗುಳಿಗೆ ನುಂಗಿದೆ, ರಕ್ತ ಏರಲಿಲ್ಲ, ಮತ್ತೆ ನುಂಗಿದೆ. ಹೀಗೆ ಒಂಬತ್ತು ವರ್ಷ. 2018ರಲ್ಲಿ ದಿಲ್ಲಿಯ ಡಾಕ್ಟರು ಟಿಟಿಜಿ ಅನ್ನುವ ರಕ್ತಪರೀಕ್ಷೆ ಬರೆದು, ಎಂಡೋಸ್ಕೋಪಿ ಮಾಡಿ, ಕರುಳಿನ ಚೂರು ತೆಗೆದು ನೋಡಿದ ಮೇಲೆ ಸೀಲಿಯಾಕ್ ಅನ್ನುವ ಹೆಸರು ನಮ್ಮ ಮನೆಯೊಳಗೆ ಬಂತು.

ಆ ಹಳೆಯ ರಿಪೋರ್ಟನ್ನು ನಿನ್ನೆ ಟ್ರಂಕಿನಿಂದ ತೆಗೆದೆ. ಈಗ ಓದಿದರೆ ಎರಡೂ ಸಾಲು ಒಂದೇ ಮಾತು ಹೇಳುತ್ತಿವೆ. ಕಬ್ಬಿಣ ಹೀರಲಾರದ ಕರುಳು ಕೊಬ್ಬನ್ನೂ ಸರಿಯಾಗಿ ಹೀರುತ್ತಿರಲಿಲ್ಲ. ಪಥ್ಯ ಶುರುವಾಗದ ಸೀಲಿಯಾಕಿನಲ್ಲಿ ಕೊಲೆಸ್ಟ್ರಾಲ್ ಇಳಿದಿರುವುದು ಹೊಸ ಸಂಗತಿಯೇನಲ್ಲ. ಅದರ ಜೊತೆ ಒಳ್ಳೆಯದು ಅನ್ನಿಸಿಕೊಂಡ ಎಚ್‌ಡಿಎಲ್ ಕೂಡ ಇಳಿಯುತ್ತದೆ. ನಿನ್ನದು ಆಗ 33 ಇತ್ತು. ಆ ಸಾಲಿನ ಮೇಲೆ ನನ್ನ ಕಣ್ಣೇ ಹೋಗಿರಲಿಲ್ಲ. ನಾನು ಶಾಬಾಸ್ ಅಂದದ್ದು ನಿನ್ನ ಆರೋಗ್ಯಕ್ಕಲ್ಲ ಅಕ್ಕಾ, ನಿನ್ನ ಜಡ್ಡಿಗೆ.

ಅದಕ್ಕೇ ಈಗ ನೀನು “ನಲವತ್ತೇಳು ಕೇಜಿ” ಅಂದಾಗ ನನಗೆ ಆ 118 ಕಣ್ಣ ಮುಂದೆ ಬಂತು.

ಸಣ್ಣವರಿದ್ದಾಗ ರಾಶಿ ಮಾಡುವ ಹೊತ್ತಿಗೆ ಹೊಲದಲ್ಲಿ ಹಸಿ ಗೋಧಿ ಕಾಳು ಬಾಯಿಗೆ ಹಾಕಿಕೊಂಡು ಅಗಿಯುತ್ತಿದ್ದೆವಲ್ಲ. ಹಿಟ್ಟೆಲ್ಲ ಕರಗಿ ಹೋಗಿ ಕೊನೆಗೆ ಚೂಯಿಂಗ್ ಗಮ್ಮಿನಂಥ ಒಂದು ಮುದ್ದೆ ಉಳಿಯುತ್ತಿತ್ತು. ನಿನ್ನ ಮುದ್ದೆಯೇ ಯಾವಾಗಲೂ ದೊಡ್ಡದು. ಅದೇ ಗ್ಲುಟೆನ್. ನಮ್ಮ ಆಟಿಕೆ ನಿನ್ನ ಪಾಲಿನ ವೈರಿ ಆಗುತ್ತದೆಂದು ಯಾರಿಗೆ ಗೊತ್ತಿತ್ತು. ಜೋಳದಲ್ಲಿ ಅದು ಇಲ್ಲ. ಜೋಳದ ಹಿಟ್ಟಿಗೆ ಜಿಗಿ ಬರುವುದು ಬಿಸಿನೀರಿನಿಂದ, ಅವ್ವನ ನಾದುವ ಕೈಯಿಂದ. ಮದುವೆಯಾಗುವವರೆಗೆ ನೀನು ಬಹುಪಾಲು ರೊಟ್ಟಿಯ ಮೇಲೇ ಬೆಳೆದವಳು. ಗೋಧಿ ನಮಗೆ ಹಬ್ಬದ ಹುಗ್ಗಿ, ಹೋಳಿಗೆಯ ಕಣಕ, ಬೇಸಿಗೆಯ ಶಾವಿಗೆ. 1991ರಲ್ಲಿ ದಿಲ್ಲಿಗೆ ಹೋದೆ, ಬೆಳಿಗ್ಗೆ ಪರಾಠಾ, ಮಧ್ಯಾಹ್ನ ಫುಲ್ಕಾ, ರಾತ್ರಿ ಮತ್ತೆ ಫುಲ್ಕಾ.

ಇದು ನಿನ್ನ ಒಬ್ಬಳ ಕಥೆಯಲ್ಲ. ಭಾರತದ ಮೂರು ದಿಕ್ಕಿನ 23,331 ಜನರನ್ನು ನೋಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಸೀಲಿಯಾಕಿನ ಸುಳಿವು ಕೊಡುವ ಪ್ರತಿಕಾಯಗಳು ರಕ್ತದಲ್ಲಿ ಸಿಕ್ಕವರು ಉತ್ತರದಲ್ಲಿ 100ಕ್ಕೆ 1.23, ದಕ್ಷಿಣದಲ್ಲಿ ಬರೀ 0.10. ಈ ಜಡ್ಡಿಗೆ ಬೇಕಾದ ಜೀನು ಎರಡೂ ಕಡೆ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರ ಮೈಯಲ್ಲಿತ್ತು. ಬೇರೆಯಾಗಿದ್ದದ್ದು ತಟ್ಟೆ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿಂದರೆ ದಕ್ಷಿಣದವರು 25 ಗ್ರಾಂ. ಜೀನು ನೀನು ಇಲ್ಲಿಂದಲೇ ಒಯ್ದದ್ದು, ತವರಿನ ಉಡಿಯಕ್ಕಿಯ ಜೊತೆ. ದಿಲ್ಲಿಯನ್ನು ಬೈಯುತ್ತಿಲ್ಲ. ಅದೇ ಫುಲ್ಕಾವನ್ನು ಮೂವತ್ತು ವರ್ಷ ಉಂಡ ಮಾಮಾ ಗುಂಡುಕಲ್ಲಿನ ಹಾಗಿದ್ದಾರೆ.

ಸರಿ, ಕರುಳಿನ ಜಡ್ಡಿಗೂ ಎದೆಗೂ ಏನು ಸಂಬಂಧ ಅಂತ ಕೇಳುತ್ತೀ. ನೀನು ಇದನ್ನು “ಗೋಧಿ ಅಲರ್ಜಿ” ಅಂತ ಎಲ್ಲರಿಗೂ ಹೇಳುತ್ತೀ, ಅಲ್ಲೇ ತಪ್ಪುವುದು. ಅಲರ್ಜಿ ಬಂದು ಹೋಗುವಂಥದ್ದು, ತುರಿಸಿ ತಣ್ಣಗಾಗುವಂಥದ್ದು ಅಂತ ಕೇಳಿದವರು ತಿಳಿಯುತ್ತಾರೆ. ಇಲ್ಲಿ ಗ್ಲುಟೆನ್ನಿನ ನೆವದಿಂದ ಮೈಯ ಕಾವಲುಗಾರರು ಮೈಯನ್ನೇ ಹೊಡೆಯಲು ನಿಲ್ಲುತ್ತಾರೆ. ಸಣ್ಣ ಕರುಳಿನ ಒಳಗೋಡೆಯ ಮೇಲೆ ಮಖಮಲ್ಲಿನ ಹಾಗೆ ನಿಂತ ಎಳೆಗಳು ಸವೆದು ಬೋಳಾಗುತ್ತವೆ. ನಿನ್ನ ಬಯಾಪ್ಸಿಯ ಗಾಜಿನ ಚಿತ್ರ ನಾನು ನೋಡಿದ್ದೇನೆ, ತಿರುವಿ ಹಾಕಿದ ಮಖಮಲ್ಲಿನ ಹಾಗಿತ್ತು. ಉರಿ ಅಲ್ಲೇ ನಿಲ್ಲುವುದಿಲ್ಲ. ಆ ಉರಿಯೂತದ ರಾಸಾಯನಿಕಗಳು ರಕ್ತದಲ್ಲಿ ಊರೆಲ್ಲ ಸುತ್ತುತ್ತವೆ, ರಕ್ತನಾಳಗಳ ಒಳಪದರ ವರ್ಷಗಟ್ಟಲೆ ಅದರಲ್ಲೇ ತೊಯ್ಯುತ್ತದೆ. ಇಟಲಿಯಲ್ಲಿ ಕೆಲವೇ ರೋಗಿಗಳ ಕುತ್ತಿಗೆಯ ರಕ್ತನಾಳವನ್ನು ಅಲ್ಟ್ರಾಸೌಂಡಿನಲ್ಲಿ ಅಳೆದಾಗ ಗೋಡೆ ಉಳಿದವರಿಗಿಂತ ದಪ್ಪಗಿತ್ತು, ಕೆಲವು ತಿಂಗಳು ಗೋಧಿ ಬಿಟ್ಟ ಮೇಲೆ ಇಳಿಯಿತು. ಸಣ್ಣ ಅಧ್ಯಯನ, ಅದೊಂದರ ಮೇಲೆ ಮನೆ ಕಟ್ಟುವುದು ಬೇಡ. ಆದರೂ ಇಳಿಯಿತು ಅನ್ನುವ ಮಾತು ನನಗೆ ಸಮಾಧಾನ ಕೊಟ್ಟಿತು.

ಇನ್ನೊಂದು ಹೋಮೋಸಿಸ್ಟೀನ್. ಊಟದ ಪ್ರೋಟೀನಿನಿಂದ ಮೈಯಲ್ಲಿ ಹುಟ್ಟುವ ಒಂದು ಕಸ ಅಂತ ತಿಳಿದುಕೋ. ಆ ಕಸ ತೆಗೆಯಲು ಫೋಲೇಟು, ಬಿ12, ಬಿ6 ಬೇಕು. ಬೋಳು ಕರುಳು ಇವನ್ನು ಹೀರುವುದಿಲ್ಲ, ಕಸ ಉಳಿಯುತ್ತದೆ. ಅದು ಹೆಚ್ಚಾದವರಲ್ಲಿ ರಕ್ತನಾಳದ ತೊಂದರೆ ಹೆಚ್ಚು ಕಾಣುತ್ತದೆ. ಹಾಗಂತ ಮೆಡಿಕಲ್ ಅಂಗಡಿಗೆ ಓಡಿ ವಿಟಮಿನ್ ಬಾಟಲಿ ತರಬೇಡ. ಗುಳಿಗೆ ಕೊಟ್ಟು ಹೋಮೋಸಿಸ್ಟೀನ್ ಇಳಿಸಿದ ಮಾತ್ರಕ್ಕೆ ಹೃದಯಾಘಾತ ಕಡಿಮೆಯಾಗುತ್ತದೆಂದು ದೊಡ್ಡ ಪ್ರಯೋಗಗಳಲ್ಲಿ ಕಂಡಿಲ್ಲ. ನನಗೆ ಅದು ಔಷಧಿಗಿಂತ ಸಾಕ್ಷಿಯಾಗಿ ಮುಖ್ಯ. ಅದು ಹೆಚ್ಚಿದ್ದರೆ ನಿನ್ನ ಕರುಳು ಇನ್ನೂ ಪೂರಾ ಮಾಯ್ದಿಲ್ಲವೇನೋ ಅಂತ ನೋಡಬೇಕು.

ನನ್ನ ನಿದ್ದೆ ಕೆಡಿಸಿದ್ದು ರೋಮಿನ ಒಂದು ಹಳೆಯ ಲೇಖನ. 2002ರದು. ಹೃದಯದ ಸ್ನಾಯುವಿಗೇ ಉರಿಯೂತ ಬಂದ 187 ರೋಗಿಗಳ ರಕ್ತವನ್ನು ಅಲ್ಲಿಯ ವೈದ್ಯರು ಸೀಲಿಯಾಕಿಗಾಗಿ ಪರೀಕ್ಷಿಸಿದರು. ಒಂಬತ್ತು ಜನರಲ್ಲಿ ಸಿಕ್ಕಿತು. ಆರೋಗ್ಯವಂತ 306 ಜನರಲ್ಲಿ ಸಿಕ್ಕಿದ್ದು ಒಬ್ಬರಲ್ಲಿ. ಆ ಒಂಬತ್ತೂ ಜನರಿಗೆ ಕಬ್ಬಿಣದ ಕೊರತೆಯ ರಕ್ತಹೀನತೆ ಇತ್ತು. ಆ ಸಾಲು ಓದಿದಾಗ 7.8 ಅಂತ ಬರೆದ ನನ್ನ ಅಕ್ಷರ ನೆನಪಾಗದೆ ಇರುತ್ತದೆಯೇ? ಐವರ ಹೃದಯ ಸೋತಿತ್ತು, ನಾಲ್ವರದು ತಾಳ ತಪ್ಪಿತ್ತು. ಸೋತವರಿಗೆ ರೋಗನಿರೋಧ ತಗ್ಗಿಸುವ ಔಷಧಿ ಕೊಟ್ಟು ಗ್ಲುಟೆನ್ ಬಿಡಿಸಿದರು, ಹೃದಯ ಚೇತರಿಸಿಕೊಂಡಿತು. ತಾಳ ತಪ್ಪಿದವರಿಗೆ ಗ್ಲುಟೆನ್ ಬಿಡಿಸಿದರು ಅಷ್ಟೇ, ಅವರ ತಾಳವೂ ಸುಧಾರಿಸಿತು. ಸ್ವೀಡನ್ನಿನವರ ಲೆಕ್ಕ ಬೇರೆ ಇದೆ. ದೇಶದ ದಾಖಲೆಯಲ್ಲಿದ್ದ ಇಪ್ಪತ್ತೆಂಟು ಸಾವಿರಕ್ಕೂ ಹೆಚ್ಚು ಸೀಲಿಯಾಕಿನವರನ್ನು ಹಿಂಬಾಲಿಸಿದರೆ, ಮೇಲಿನ ಕೋಣೆಗಳು ಲಯ ತಪ್ಪಿ ನಡುಗುವ ಏಟ್ರಿಯಲ್ ಫಿಬ್ರಿಲೇಶನ್ ಉಳಿದವರಿಗಿಂತ ಸುಮಾರು ಮೂರನೇ ಒಂದು ಪಾಲು ಹೆಚ್ಚು ಕಂಡಿತು. ನಿನ್ನ ಜಾರಿ ಬಿದ್ದ ಬಡಿತ ಇವುಗಳಲ್ಲಿ ಯಾವುದೂ ಅಲ್ಲದಿರಬಹುದು. ರಕ್ತ ಕಡಿಮೆಯಾದರೂ ಎದೆ ಹಾಗೆ ಹೊಡೆದುಕೊಳ್ಳುತ್ತದೆ, ಥೈರಾಯ್ಡ್ ಏರುಪೇರಾದರೂ ಹೊಡೆದುಕೊಳ್ಳುತ್ತದೆ, ಸೀಲಿಯಾಕಿನವರಿಗೆ ಥೈರಾಯ್ಡ್ ತಕರಾರು ಜಾಸ್ತಿಯೂ ಹೌದು. ಯಾವುದು ಅಂತ ಧಾರವಾಡದಲ್ಲಿ ಕುಳಿತು ನಾನು ಹೇಳಲಾರೆ, ದಿಲ್ಲಿಯಲ್ಲಿ ನಕ್ಕು ನೀನೂ ಹೇಳಲಾರೆ.

ಈಗ ನಿನ್ನ ನಲವತ್ತೇಳು ಕೇಜಿಗೆ ಬರುತ್ತೇನೆ. ಬ್ರಿಟನ್ನಿನಲ್ಲಿ ಯುಕೆ ಬಯೋಬ್ಯಾಂಕ್ ಅಂತ ಇದೆ, ಲಕ್ಷಾಂತರ ಜನ ತಮ್ಮ ರಕ್ತ, ತೂಕ, ದವಾಖಾನೆಯ ಕಾಗದ ಎಲ್ಲ ಒಪ್ಪಿಸಿ ಕುಳಿತ ದೊಡ್ಡ ಖಜಾನೆ. ಅದರಲ್ಲಿಯ 4,69,000ಕ್ಕೂ ಹೆಚ್ಚು ಜನರನ್ನು ಸುಮಾರು ಹನ್ನೆರಡು ವರ್ಷ ಹಿಂಬಾಲಿಸಿದ ಆಕ್ಸ್‌ಫರ್ಡಿನವರ ಅಧ್ಯಯನ 2023ರಲ್ಲಿ ಬಂತು. ಸೀಲಿಯಾಕ್ ಇದ್ದವರು 2,083. ಅವರು ಥೇಟ್ ನಿನ್ನ ಹಾಗೆ. ತೂಕ ಕಡಿಮೆ, ಮೇಲಿನ ಬಿ.ಪಿ. ಕಡಿಮೆ, ಬೀಡಿ ಸಿಗರೇಟು ಕಡಿಮೆ. ಹೃದಯದ ಲೆಕ್ಕದಲ್ಲಿ ಅತ್ಯುತ್ತಮ ಅಂಕ ಪಡೆದವರು ಅವರಲ್ಲಿ 100ಕ್ಕೆ 23, ಉಳಿದವರಲ್ಲಿ 14. ಆದರೆ ವರ್ಷ ಕಳೆದು ಎಣಿಸಿದರೆ ಹೃದಯ, ರಕ್ತನಾಳದ ಜಡ್ಡು ಬಂದದ್ದು ಸೀಲಿಯಾಕಿನವರಿಗೇ 27 ಪ್ರತಿಶತ ಹೆಚ್ಚು. ಅತ್ಯುತ್ತಮ ಅಂಕದವರನ್ನು ಅತ್ಯುತ್ತಮ ಅಂಕದವರ ಜೊತೆಗೇ ತೂಗಿದರೂ ಸೀಲಿಯಾಕಿನವರ ತಕ್ಕಡಿ 60 ಪ್ರತಿಶತ ಭಾರ.

ಹೆದರಿಕೊಳ್ಳಬೇಡ, ಪ್ರತಿಶತಗಳಿಗೆ ಹೆದರಿಸುವ ಚಾಳಿ ಇದೆ. ತಲೆ ಎಣಿಸಿ ನೋಡು. ಸಾವಿರ ಜನರಲ್ಲಿ ಒಂದು ವರ್ಷಕ್ಕೆ ಉಳಿದವರಲ್ಲಿ 7.4 ಜನರಿಗೆ ಬಂದರೆ ಸೀಲಿಯಾಕಿನವರಲ್ಲಿ 9 ಜನರಿಗೆ. ಮನೆಯ ಮೇಲೆ ಬೀಳುವ ಗುಡ್ಡವೇನಲ್ಲ. ಆದರೆ ತೆಳ್ಳಗಿದ್ದೇನೆ, ಬಿ.ಪಿ. ಇಲ್ಲ ಅನ್ನುವ ನಿನ್ನ ಎರಡು ಸಾಕ್ಷಿಗಳನ್ನು ಆ ಲೆಕ್ಕ ಪಕ್ಕಕ್ಕೆ ಕೂಡಿಸಿಬಿಡುತ್ತದೆ. ನೀನು ಹೇಳದಿದ್ದರೆ ಡಾಕ್ಟರೂ ಆ ಸಾಕ್ಷಿಗಳನ್ನೇ ನಂಬುತ್ತಾರೆ. ನಾನು ನಂಬಲಿಲ್ಲವೇ?

ಪ್ರಸಾದದ ವಿಷಯಕ್ಕೂ ಬರಲೇಬೇಕು, ನೀನು ಬೈದರೂ. ಹೋದ ಸಲ ಇಲ್ಲಿ ಸತ್ಯನಾರಾಯಣ ಪೂಜೆಯಲ್ಲಿ ಅಂಗೈಗೆ ಬಿದ್ದ ರವೆಯ ಸಜ್ಜಿಗೆಯನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿದೆ. ನಾನು ನೋಡಿದೆ, ನಾನು ನೋಡಿದ್ದನ್ನು ನೀನೂ ನೋಡಿದೆ. “ದೇವರ ಪ್ರಸಾದ ಏನೂ ಮಾಡಂಗಿಲ್ಲ” ಅಂದೆ. ಲ್ಯಾಬಿನವನ ಲೆಕ್ಕ ಹೇಳುತ್ತೇನೆ ಕೇಳು. ಎರಡು ಚಮಚೆ ಸಜ್ಜಿಗೆಯಲ್ಲಿ ಮೂರು ಗ್ರಾಂ ರವೆ ಅಂತ ಹಿಡಿ. ಅದರಲ್ಲಿ ಸುಮಾರು ಹತ್ತನೇ ಒಂದು ಪಾಲು ಗ್ಲುಟೆನ್, ಅಂದರೆ 300 ಮಿಲಿಗ್ರಾಂ. 2007ರಲ್ಲಿ ಇಟಲಿಯವರು ಪಥ್ಯದಲ್ಲಿದ್ದ ರೋಗಿಗಳಿಗೆ ದಿನಕ್ಕೆ ಬರೀ 50 ಮಿಲಿಗ್ರಾಂ ಗ್ಲುಟೆನ್ನನ್ನು ಕ್ಯಾಪ್ಸೂಲಿನಲ್ಲಿ ಮೂರು ತಿಂಗಳು ಕೊಟ್ಟು ನೋಡಿದರು, ಅಷ್ಟಕ್ಕೇ ಕರುಳಿನ ಎಳೆ ಕುಗ್ಗತೊಡಗಿದವು. ಒಂದು ದಿನದ ಸಜ್ಜಿಗೆಯಿಂದ ಮೂರು ತಿಂಗಳ ಹಾನಿ ಆಗುವುದಿಲ್ಲ, ನಿಜ. ಆದರೆ ಅಕ್ಕಾ, ಸೋಮವಾರ ಸಜ್ಜಿಗೆ, ಗುರುವಾರ ಪಕ್ಕದ ಮನೆಯವರ ಹಲ್ವಾ, ಸಾರಿಗೆ ದಿನಾ ಒಂದು ಚಿಟಿಕೆ ಇಂಗು. ಆ ಇಂಗಿನ ಡಬ್ಬಿಯ ಹಿಂದೆ ಓದು, ಅಂಗಡಿಯಲ್ಲಿ ಸಿಗುವ ಇಂಗಿನಲ್ಲಿ ಬಹಳಷ್ಟಕ್ಕೆ ಗೋಧಿ ಹಿಟ್ಟೋ ಮೈದಾವೋ ಬೆರೆಸಿರುತ್ತಾರೆ. ಒಗ್ಗರಣೆಯ ಘಮಕ್ಕೆ ಯಾರಾದರೂ ಸಂಶಯ ಪಡುತ್ತಾರೆಯೇ! ನಮ್ಮ ಕಡೆಯಿಂದ ಖಪಲಿ ಗೋಧಿ ತರಿಸಿಕೊಂಡು “ಇದು ಹಳೇ ಕಾಲದ್ದು, ನಡೀತದ” ಅನ್ನುವವರ ಮಾತನ್ನೂ ಕೇಳಬೇಡ, ಖಪಲಿಯೂ ಗೋಧಿಯೇ. ಜವೆಗೋಧಿ ಹೆಸರಲ್ಲೇ ಹೇಳುತ್ತದೆ, ಅದರ ಮಾಲ್ಟ್ ಹಾಕಿದ ಪುಡಿಗಳನ್ನೂ ಹಾಲಿಗೆ ಬೆರೆಸಬೇಡ. ಪ್ರಸಾದಕ್ಕೆ ಬಾಳೆಹಣ್ಣು ಕೇಳು. ಭಟ್ಟರಿಗೆ ನಾನು ಹೇಳಿದ್ದೇನೆ, ಅವರಿಗೆ ಬೇಜಾರಿಲ್ಲ. ಬೇಜಾರಾದದ್ದು ನಿನಗೇ, ಎಲ್ಲರ ಸಾಲಿನಲ್ಲಿ ಕುಳಿತು ಬೇರೆ ಉಣ್ಣುವುದು ಅಂದರೆ ಏನು ಅಂತ ನನಗೆ ಗೊತ್ತಿಲ್ಲದ್ದಲ್ಲ.

ಮಾಮಾ ನಿನ್ನ ಜೊತೆಗೆ ಚಪಾತಿ ಬಿಟ್ಟಿದ್ದಾರಂತೆ, ಎದೆಗೆ ಒಳ್ಳೆಯದು ಅಂತ ಯಾರೋ ಹೇಳಿದರಂತೆ. ಪ್ರೀತಿಗೆ ಬಿಟ್ಟಿದ್ದರೆ ಕೈಮುಗಿಯುತ್ತೇನೆ. ಎದೆಗಾಗಿ ಬಿಟ್ಟಿದ್ದರೆ ತಿನ್ನಲು ಹೇಳು. ಅಮೆರಿಕದಲ್ಲಿ ಸೀಲಿಯಾಕ್ ಇಲ್ಲದ ಒಂದು ಲಕ್ಷಕ್ಕೂ ಹೆಚ್ಚು ನರ್ಸುಗಳು, ಆರೋಗ್ಯ ವೃತ್ತಿಯವರ ಊಟವನ್ನು ಇಪ್ಪತ್ತಾರು ವರ್ಷ ಬರೆದಿಟ್ಟು ನೋಡಿದಾಗ, ಗ್ಲುಟೆನ್ ಕಡಿಮೆ ತಿಂದವರಿಗೆ ಹೃದಯದ ಲಾಭವೇನೂ ಕಾಣಲಿಲ್ಲ. ಇಡೀ ಧಾನ್ಯ ಬಿಟ್ಟುಬಿಟ್ಟರೆ ನಷ್ಟವೇ ಆಗಬಹುದು ಅಂತ ಆ ಲೇಖಕರು 2017ರಲ್ಲಿ ಎಚ್ಚರಿಸಿದ್ದರು. ಮಾಮಾ ಬಿಡಬೇಕಾದದ್ದು ಸಂಜೆಯ ಕಚೋರಿ. ಅವರ ಚಪಾತಿಗೆ ಬೇರೆ ಲಟ್ಟಣಿಗೆ, ಬೇರೆ ಹಂಚು, ಬೇರೆ ಹಿಟ್ಟಿನ ಡಬ್ಬಿ ಇರಲಿ, ಸಾಕು.

ನಿನ್ನ ಕಪಾಟಿನ ಆ ಗ್ಲುಟೆನ್ ಇಲ್ಲದ ಬಿಸ್ಕೀಟು ಪಾಕೀಟುಗಳ ಫೋಟೋವನ್ನೂ ಮಗಳು ಕಳಿಸಿದ್ದಾಳೆ. (ಅವಳನ್ನು ನಾನೇ ಗೂಢಚಾರಳಾಗಿ ನೇಮಿಸಿದ್ದು.) ಗೋಧಿ ಇಲ್ಲ ಅನ್ನುವುದೊಂದೇ ಅವುಗಳ ಪುಣ್ಯ. ಪಿಷ್ಟ, ಸಕ್ಕರೆ, ತಾಳೆ ಎಣ್ಣೆ, ನಾರು ಹೆಸರಿಗೆ. ಗೋಧಿ ಬಿಟ್ಟು ಕರುಳು ಮಾಯ್ದ ಮೇಲೆ ಅದು ಎಲ್ಲವನ್ನೂ ಹೀರಲು ಶುರು ಮಾಡುತ್ತದೆ, ಬಿಸ್ಕೀಟಿನ ಎಣ್ಣೆಯನ್ನೂ. ಪಥ್ಯ ಹಿಡಿದವರಲ್ಲಿ ತೂಕ, ಕೊಲೆಸ್ಟ್ರಾಲ್ ಏರುವುದು ಇದಕ್ಕೇ. ನಿನ್ನ 118ರ ಕಾಲ ಮುಗಿಯಿತು ಅಂತ ತಿಳಿ. ಜೋಳ, ಸಜ್ಜೆ, ನವಣೆ, ರಾಗಿ, ಕಾಳುಪಲ್ಯ, ಶೇಂಗಾ ಚಟ್ನಿ ಇರುವಾಗ ಆ ಪಾಕೀಟು ಯಾತಕ್ಕೆ?

ಮಾಡಬೇಕಾದದ್ದು ಇಷ್ಟು. ಈ ವಾರವೇ ಡಾಕ್ಟರ ಬಳಿ ಹೋಗು. ಕುಳಿತ ತಕ್ಷಣ ಮೊದಲ ಮಾತು “ನನಗೆ ಸೀಲಿಯಾಕ್ ಇದೆ” ಅನ್ನಬೇಕು, ಅಲರ್ಜಿ ಅಂತಲ್ಲ. ಎರಡನೆಯದು ಮೆಟ್ಟಿಲಿನ ಸಂಗತಿ. ಇ.ಸಿ.ಜಿ., ಎಕೋ ಅವರು ಬರೆಯುತ್ತಾರೆ. ಬಡಿತ ಯಾವಾಗಲೋ ಒಮ್ಮೆ ತಪ್ಪುವುದರಿಂದ ಐದು ನಿಮಿಷದ ಇ.ಸಿ.ಜಿ.ಗೆ ಸಿಗದೇ ಹೋಗಬಹುದು, ಹೋಲ್ಟರ್ ಅಂತ ಇಡೀ ದಿನ ಮೈಗೆ ಕಟ್ಟಿಕೊಳ್ಳುವ ಡಬ್ಬಿ ಇದೆ, ಅದು ಬೇಕೋ ಅಂತ ಕೇಳು. ರಕ್ತದಲ್ಲಿ ಹಿಮೋಗ್ಲೋಬಿನ್, ಫೆರಿಟಿನ್, ಬಿ12, ಫೋಲೇಟ್, ಥೈರಾಯ್ಡ್, ಲಿಪಿಡ್, ಜೊತೆಗೆ ಟಿಟಿಜಿ ಮತ್ತೊಮ್ಮೆ. ಟಿಟಿಜಿ ಏರಿದ್ದರೆ ಎಲ್ಲಿಂದಲೋ ಗೋಧಿ ಒಳಗೆ ಬರುತ್ತಿದೆ ಅಂತ ಅರ್ಥ. ಆಗ ಇಂಗಿನಿಂದ ಹಿಡಿದು ಹುಡುಕೋಣ. ಎದೆ ಹಿಡಿದ ಹಾಗಾಗಿ ಬೆವರು ಬಂದರೆ, ಕಣ್ಣು ಕತ್ತಲೆ ಬಂದರೆ, ನನ್ನ ಕಾಗದ ಹುಡುಕುತ್ತ ಕೂಡಬೇಡ, ಸೀದಾ ದವಾಖಾನೆಗೆ. ಮಗಳ ರಕ್ತವನ್ನೂ ಕೊಡಿಸು, ಒಡಹುಟ್ಟಿದವರಿಗೂ ಮಕ್ಕಳಿಗೂ ಇದು ಬರುವ ಸಂಭವ ಹೆಚ್ಚು. ಅವಳು ಈಗ ಗೋಧಿ ತಿನ್ನುತ್ತಿರುವಾಗಲೇ ಕೊಡಬೇಕು, ಹೆದರಿ ಮೊದಲೇ ಬಿಟ್ಟುಬಿಟ್ಟರೆ ಪರೀಕ್ಷೆ ಸುಳ್ಳು ಹೇಳುತ್ತದೆ. ನಾನೂ ಹೋದ ವಾರ ಕೊಟ್ಟೆ. ನನ್ನ ಬಾಟಲಿಗೆ ನಾನೇ ಚೀಟಿ ಅಂಟಿಸಿದೆ, ಕೈ ಸ್ವಲ್ಪ ನಡುಗಿತು. ನೆಗೆಟಿವ್ ಬಂದಿದೆ.

ರಿಪೋರ್ಟು ಬಂದ ಮೇಲೆ ಫೋಟೋ ತೆಗೆದು ಕಳಿಸು. ಒಂದೊಂದು ಸಾಲನ್ನೂ ಓದುತ್ತೇನೆ. ಚೆಂದ ಕಂಡರೂ ಕುಣಿಯುವುದಿಲ್ಲ.

ಅಟ್ಟದ ಮೇಲಿದ್ದ ಅವ್ವನ ಬೀಸುವ ಕಲ್ಲು ಇಳಿಸಿದ್ದೇವೆ. ಓಣಿಯ ಗಿರಣಿಯಲ್ಲಿ ಜೋಳಕ್ಕಿಂತ ಮೊದಲು ಯಾರದೋ ಗೋಧಿ ಬಿದ್ದಿರುತ್ತದೆ, ಎಷ್ಟು ಜಾಡಿಸಿದರೂ ಗೋಡೆಗೆ ಅಂಟಿದ್ದು ಹೋಗುವುದಿಲ್ಲ. ಕಲ್ಲನ್ನು ಮೂರು ಸಲ ತೊಳೆದು, ಬಿಸಿಲಿಗಿಟ್ಟು, ಮೊದಲು ಬೀಸಿದ ಎರಡು ಹಿಡಿ ದನಕ್ಕೆ ಹಾಕಿ, ಆಮೇಲಿನ ಐದು ಸೇರು ನಿನಗೆ ಬೀಸಿದೆವು. ನಿನ್ನ ತಮ್ಮನ ಹೆಂಡತಿ ಬೀಸಿದ್ದು ಮೂರು ಸೇರು, ನಾನು ಎರಡು. ರಟ್ಟೆ ಇನ್ನೂ ನೋಯುತ್ತಿದೆ, ಅವ್ವ ದಿನಾ ಹೇಗೆ ಬೀಸುತ್ತಿದ್ದಳೋ. ಮಗ ಶುಕ್ರವಾರ ರೈಲು ಹತ್ತುತ್ತಾನೆ, ಹಿಟ್ಟು ಅವನ ಕೈಯಲ್ಲಿ ಬರುತ್ತದೆ. ಹದಿನೈದು ದಿನದೊಳಗೆ ಬಡಿದು ಮುಗಿಸು, ಆಮೇಲೆ ಜಿಗಿ ಹೋಗಿ ರೊಟ್ಟಿ ಹರಿಯುತ್ತವೆ. ಡಬ್ಬಿಯ ಕೊರಳಿಗೆ ಕೆಂಪು ದಾರ ಕಟ್ಟಿದ್ದೇನೆ. ಮಾಮಾನ ಚಪಾತಿ ಹಿಟ್ಟಿನ ವಾಟಿ ಅದರೊಳಗೆ ಬೀಳದ ಹಾಗೆ ನೋಡಿಕೋ.

ನಿನ್ನ
ತಮ್ಮ